ಹರಳಿನ ಜೊತೆ ಚಳಿಜ್ವರ ಬಂದರೆ ದಿಂಡಿನ ರಸ ಕುಡಿಸುತ್ತ ಕೂರಬೇಡಿ

ಚಿಗವ್ವನಿಗೆ ಪಕ್ಕೆನೋವು ಶುರುವಾಗಿ ಮೂರು ದಿನ, ಚಳಿಜ್ವರ ಹತ್ತಿ ಎರಡು ದಿನ ಆದಮೇಲೆ ತಿಳವಳ್ಳಿಯಿಂದ ನನಗೆ ಫೋನ್ ಬಂತು. ಅಷ್ಟರೊಳಗೆ ಬಾಳೆದಿಂಡಿನ ರಸ, ಹುರಳಿ ಕಟ್ಟು, ಕಾಡುಬಸಳೆ ಎಲೆ ಎಲ್ಲ ಆಗಿತ್ತು. ತಾಸಿಗೊಂದು ತಂಬಿಗೆ ನೀರು ಬೇರೆ. "ಹರಳು ಐತಿ ಅಂತ ಸ್ಕ್ಯಾನಿಂಗ್‌ನಾಗ ಬಂದಿತ್ತಲ್ಲ, ನೀರು ಜಾಸ್ತಿ ಕುಡಿದ್ರ ಅದ ಬಿದ್ದು ಹೊಕ್ಕೈತಿ. ಜ್ವರಕ್ಕ ಗುಳಿಗಿ ಕೊಟ್ಟೇವಿ," ಅಂದ ತಮ್ಮ. ಆಕೆ ಸಕ್ಕರೆ ಕಾಯಿಲೆಯವಳು. ಮಧ್ಯಾಹ್ನದಿಂದ ಮಾತು ತೊದಲುತ್ತಿತ್ತು, ಉಸಿರು ಜೋರಾಗಿತ್ತು. ಅದನ್ನು ಮನೆಯವರು ಜ್ವರದ ಸುಸ್ತು ಎಂದುಕೊಂಡಿದ್ದರು.

ನೀರು ಕುಡಿದರೆ ಹರಳು ಕೊಚ್ಚಿಕೊಂಡು ಹೋಗುತ್ತದೆ ಎನ್ನುವ ಈ ಒಂದು ನಂಬಿಕೆಯ ಮೇಲೆ ನನಗೆ ಇರುವಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಇಲ್ಲ. ಹರಳು ಆಗದಂತೆ ತಡೆಯಲು ನೀರು ಒಳ್ಳೆಯದು, ಅದು ಖರೆ. ಆದರೆ ಹರಳು ಮೂತ್ರನಾಳದಲ್ಲಿ ಸಿಕ್ಕಿಕೊಂಡು, ಅದರ ಮೇಲೆ ನಿಂತ ಮೂತ್ರದಲ್ಲಿ ಸೋಂಕು ಹತ್ತಿ, ಮೈ ನಡುಗುವ ಜ್ವರ ಬಂದಮೇಲೆ ಮಾತೇ ಬೇರೆ. ಹಾನಗಲ್ ಸೀಮೆಯ ಕೆರೆಗಳ ನಡುವೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಬು ಕಟ್ಟಿದ ಕೆರೆಗೆ ಇನ್ನಷ್ಟು ನೀರು ಹರಿಸಿದರೆ ತೂಬು ತೆರೆಯುವುದಿಲ್ಲ, ಏರಿಗೆ ಒತ್ತಡ ಬೀಳುತ್ತದೆ. ಮೂತ್ರನಾಳದ ಒಳಗಿನ ಅಗಲ ಬರೀ 3–4 ಮಿಲಿಮೀಟರ್. ಅಲ್ಲಿ ಹರಳು ಗಟ್ಟಿಯಾಗಿ ಕೂತರೆ ಮೇಲಿನ ಮೂತ್ರ ಕೀವಾಗುತ್ತದೆ, ಒತ್ತಡ ಏರಿದಂತೆ ಕೀವಿನಲ್ಲಿರುವ ಬ್ಯಾಕ್ಟೀರಿಯಾ ಹಿಮ್ಮುಖವಾಗಿ ರಕ್ತಕ್ಕೆ ನುಗ್ಗುತ್ತದೆ. ಬಿಪಿ ಕುಸಿಯುತ್ತದೆ. ದಿನಗಳ ಲೆಕ್ಕವಲ್ಲ ಇದು, ತಾಸುಗಳ ಲೆಕ್ಕ.

ಆಸ್ಪತ್ರೆಯಲ್ಲಿ ಸಲೈನ್ ಹಾಕುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹಾಕುತ್ತಾರೆ, ಕುಸಿದ ಬಿಪಿಯನ್ನು ಎತ್ತಲು. ಹರಳು ತಳ್ಳಲು ಅಲ್ಲ.

ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರೆ ಸಾಕು ಎಂಬುದೂ ಇದೇ ನಂಬಿಕೆಯ ಇನ್ನೊಂದು ಮುಖ. ಇಂಜೆಕ್ಷನ್ ಕೂಡಲೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಔಷಧಿ ಮೂತ್ರಕ್ಕೆ ಇಳಿಯುವುದು ಮೂತ್ರಪಿಂಡ ರಕ್ತವನ್ನು ಸೋಸಿದಾಗ. ಕಟ್ಟಿದ ಮೂತ್ರಪಿಂಡದಲ್ಲಿ ಸೋಸುವ ಕೆಲಸವೇ ಕುಂದಿರುತ್ತದೆ. ಕೀವು ಇರುವ ಜಾಗಕ್ಕೆ ಮದ್ದು ಸಾಕಷ್ಟು ಮುಟ್ಟುವುದಿಲ್ಲ. ಹಾಗಾಗಿ ಮೊದಲು ಕೀವನ್ನು ಹೊರಗೆ ಬಿಡಬೇಕು. ಅದಕ್ಕೆ ಎರಡು ದಾರಿ. ಒಂದು, ಮೂತ್ರದ್ವಾರದ ಮೂಲಕ ಹೋಗಿ, ಹರಳನ್ನು ದಾಟಿಸಿ ಮೂತ್ರಪಿಂಡದವರೆಗೆ ಡಿಜೆ ಸ್ಟೆಂಟ್ ಎಂಬ ತೆಳುವಾದ ಕೊಳವೆ ಇಡುವುದು. ಎರಡೂ ತುದಿ ಸುರುಳಿಯಾದ ಈ ಕೊಳವೆ 1978ರಿಂದ ಬಳಕೆಯಲ್ಲಿದೆ. ಇನ್ನೊಂದು, ಸ್ಕ್ಯಾನಿಂಗ್ ನೋಡಿಕೊಂಡು ಬೆನ್ನಿನ ಕಡೆಯಿಂದ ಸೂಜಿ ಚುಚ್ಚಿ ನೇರವಾಗಿ ಮೂತ್ರಪಿಂಡಕ್ಕೆ ಪೈಪ್ ಇಳಿಸುವುದು. ಇದನ್ನು ಆ ಜಾಗ ಮಾತ್ರ ಮರಗಟ್ಟಿಸಿ ಮಾಡಬಹುದು. ಅಮೆರಿಕದ ಗುಡ್ವಿನ್ ಮತ್ತು ಸಂಗಡಿಗರು 1955ರಲ್ಲೇ ಈ ವಿಧಾನವನ್ನು ವರದಿ ಮಾಡಿದ್ದರು. ಎರಡನ್ನೂ ಹೋಲಿಸಿ 1998ರಲ್ಲಿ ಬಂದ ಅಧ್ಯಯನದಲ್ಲಿ ಯಾವುದೂ ಇನ್ನೊಂದಕ್ಕಿಂತ ಮೇಲು ಎಂದು ಕಾಣಲಿಲ್ಲ. ಕೈಗೆ ಬೇಗ ಸಿಗುವುದು ಯಾವುದೋ ಅದನ್ನು ಮಾಡಿಸಬೇಕು.

ತಡ ಮಾಡಿದರೆ ಏನಾಗುತ್ತದೆ? ಹರಳು ಸಿಕ್ಕಿಕೊಂಡು ರಕ್ತಕ್ಕೆ ಸೋಂಕು ಏರಿದ್ದ 1,712 ಜನರ ದಾಖಲೆಗಳನ್ನು ಅಮೆರಿಕದಲ್ಲಿ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಕಟ್ಟಿದ್ದನ್ನು ಬಿಡಿಸಿದವರಲ್ಲಿ ನೂರಕ್ಕೆ ಸುಮಾರು 9 ಜನ ತೀರಿಕೊಂಡಿದ್ದರು, ಬಿಡಿಸದೆ ಬಿಟ್ಟವರಲ್ಲಿ 19 ಜನ. ಅಷ್ಟೆಲ್ಲ ಸವಲತ್ತಿನ ಆಸ್ಪತ್ರೆಗಳಲ್ಲೇ ಹೀಗೆ.

ಚಿಗವ್ವನನ್ನು ಅದೇ ರಾತ್ರಿ ಹುಬ್ಬಳ್ಳಿಗೆ ಒಯ್ದರು. ಬೆನ್ನಿನಿಂದ ಪೈಪ್ ಹಾಕಿದಾಗ ಚೀಲಕ್ಕೆ ಇಳಿದದ್ದು ಮೂತ್ರವಲ್ಲ, ಮಂದವಾದ ಕೀವು. ಮರುದಿನ ಸಂಜೆಗೆ ಜ್ವರ ಇಳಿದು, ನನ್ನ ಹೆಸರು ಹಿಡಿದು ಮಾತಾಡಿಸಿದಳು. ಆಗ ಶುರುವಾಯಿತು ಎರಡನೇ ಜಗಳ: "ಹರಳು ತೆಗೀದ ಬರೀ ಪೈಪ್ ಹಾಕಿ ಕಳಸ್ತಾರ, ಎರಡು ಸಲ ರೊಕ್ಕ ಹೊಡ್ಯಾಕ." ಇದು ಅನ್ಯಾಯದ ಮಾತು. ಸೋಂಕು ಇರುವಾಗ ಹರಳು ಒಡೆಯಲು ಹೋದರೆ, ಒಳಗೆ ಹಾಯಿಸುವ ನೀರಿನ ಒತ್ತಡಕ್ಕೇ ಕೀವು ರಕ್ತ ಸೇರುತ್ತದೆ. ಸೋಂಕು ಪೂರ್ತಿ ಇಳಿದಮೇಲೆ, ಸಾಮಾನ್ಯವಾಗಿ ಕೆಲವು ವಾರ ಬಿಟ್ಟು, ಹರಳಿನ ಸರದಿ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ನೋವು ನಿಂತಿತು ಅಂದರೆ ಹರಳು ಬಿತ್ತು ಎಂದಲ್ಲ, ಸದ್ದಿಲ್ಲದೆ ಮೂತ್ರಪಿಂಡ ಹಾಳಾಗುತ್ತಿರಬಹುದು. ಮೂತ್ರ ಪರೀಕ್ಷೆ ಚೊಕ್ಕ ಬಂದರೂ ನಂಬಬೇಡಿ, ಕೊಳೆತದ್ದು ಹರಳಿನ ಮೇಲೆ ನಿಂತಿದೆ, ಬಾಟಲಿಗೆ ಬಂದದ್ದು ಇನ್ನೊಂದು ಮೂತ್ರಪಿಂಡದ್ದು. ಬಿಯರ್ ಔಷಧಿಯಲ್ಲ. ಹಾಲು ಬಿಟ್ಟರೆ ಹರಳು ಕಡಿಮೆಯಾಗುವುದಿಲ್ಲ, ಊಟದಲ್ಲಿ ಕ್ಯಾಲ್ಸಿಯಂ ತಗ್ಗಿದರೆ ಆಕ್ಸಲೇಟ್ ಹೆಚ್ಚು ಹೀರಿಕೊಂಡು ಹರಳು ಜಾಸ್ತಿಯೇ ಆಗಬಹುದು. ವಯಸ್ಸಾದವರಲ್ಲಿ ಜ್ವರ ಕಾಣದೆ ಮೈ ತಣ್ಣಗಾಗಿರುವುದೂ ಉಂಟು.

ಇಷ್ಟೊಂದು ಜನ ಯಾಕೆ ನಂಬುತ್ತಾರೆ? 5 ಮಿಲಿಮೀಟರ್‌ಗಿಂತ ಸಣ್ಣ ಹರಳುಗಳಲ್ಲಿ ಮೂರರಲ್ಲಿ ಎರಡರಷ್ಟು ತಾವಾಗಿಯೇ ಬೀಳುತ್ತವೆ. ಬೀಳುವ ಹಿಂದಿನ ದಿನ ಏನು ಕುಡಿದಿದ್ದರೋ ಅದಕ್ಕೆ ಹೆಸರು. ಬಿದ್ದ ಹರಳನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುವವರು ಪ್ರತಿ ಊರಲ್ಲಿ ಒಬ್ಬಿಬ್ಬರಿದ್ದಾರೆ. ಅದೇ ರಸ ಕುಡಿದು ತೀರಿಕೊಂಡವರು ಕಟ್ಟೆಗೆ ಬಂದು ಸಾಕ್ಷಿ ಹೇಳುವುದಿಲ್ಲ. ಅವರ ಮನೆಯವರು "ಜ್ವರ ನೆತ್ತಿಗೇರಿತು" ಎನ್ನುತ್ತಾರೆ. ಈಗ ವಾಟ್ಸ್ಆ್ಯಪ್ ವಿಡಿಯೊ ಬೇರೆ. ಮೂರು ದಿನದಲ್ಲಿ ಹರಳು ಕರಗಿಸುವ ಎಲೆಯನ್ನು ಕೈಯಲ್ಲಿ ಹಿಡಿದು ತೋರಿಸುತ್ತಾರೆ. ಜ್ವರದ ಬಗ್ಗೆ ಒಂದು ಮಾತಿಲ್ಲ. ಕಳಿಸಿದವರು ಕೆಟ್ಟವರಲ್ಲ, ನನ್ನ ತಮ್ಮನೂ ಪ್ರೀತಿಯಿಂದಲೇ ಕುಡಿಸಿದ್ದ. ಅದಕ್ಕೇ ನನಗೆ ಹೆಚ್ಚು ಸಂಕಟ.

ತಿಳವಳ್ಳಿಯಿಂದ ಹುಬ್ಬಳ್ಳಿ ಎರಡು ತಾಸಿಗೂ ಹೆಚ್ಚಿನ ದಾರಿ. ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್ ಕೊಡಿಸಿ, ಮುಂದೆ ಹೋಗುವ ಆಸ್ಪತ್ರೆಗೆ ಮೊದಲೇ ಕೇಳಿ: ಈ ರಾತ್ರಿ ಸ್ಟೆಂಟ್ ಅಥವಾ ಬೆನ್ನಿನ ಪೈಪ್ ಹಾಕುವವರು ಇದ್ದಾರಾ? ಸಕ್ಕರೆ ಕಾಯಿಲೆಯವರು, ಬಸುರಿಯರು, ಒಂದೇ ಮೂತ್ರಪಿಂಡ ಇರುವವರು ಆದರಂತೂ ಒಂದು ತಾಸೂ ಕಳೆಯಬೇಡಿ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಮೇಲೆ ಅದನ್ನು ತೆಗೆಸುವ ತಾರೀಕನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಆ ಕೊಳವೆಯ ಮೇಲೇ ಹರಳು ಕಟ್ಟುತ್ತದೆ.