‘ಹವ್ಯಾಸ ಬೇಡ ಸಾರ್, ಉದ್ಯೋಗ ಹೇಳಿ’

ಕಳೆದ ಜೂನ್‌ನಲ್ಲಿ ಮಗಳನ್ನು ಪಿಯುಸಿಗೆ ಸೇರಿಸಲು ಹೋಗಿದ್ದೆವು. ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಕಾಲಂ ಇತ್ತು. ಮಗಳು ‘ಹವ್ಯಾಸಿ ಬರಹಗಾರ’ ಎಂದು ತುಂಬಿದಳು. ಕೌಂಟರ್‌ನಲ್ಲಿದ್ದವರು ಓದಿ, ನಗುತ್ತಲೇ, ‘ಹವ್ಯಾಸ ಬೇಡ ಸಾರ್, ಉದ್ಯೋಗ ಹೇಳಿ’ ಅಂದರು.

ಅವರದೇನೂ ತಪ್ಪಿಲ್ಲ. ಇಪ್ಪತ್ತು ವರ್ಷ ಬರೆದೇ ಮನೆ ನಡೆಸಿದರೂ ಕನ್ನಡದಲ್ಲಿ ನಮ್ಮಂಥವರಿಗೆ ಇರುವ ಹೆಸರು ಅದೊಂದೇ. ಸಂಬಳ ಇದ್ದವರು ಪತ್ರಕರ್ತರು, ಇಲ್ಲದವರು ಹವ್ಯಾಸಿಗಳು. ಅಂಚೆಚೀಟಿ ಕೂಡಿಡುವವರಿಗೂ ನಮಗೂ ಒಂದೇ ಪದ!

ಈ ‘ಹವ್ಯಾಸ’ ವಿದ್ಯಾನಗರದ ನಮ್ಮ ಬಾಡಿಗೆ ಮನೆಯಲ್ಲಿ ಸುಬುಹಿ ನಮಾಝ್ ಮುಗಿದ ಕೂಡಲೇ ಶುರುವಾಗುತ್ತದೆ. ಬೆಳಗ್ಗೆ ಪುರವಣಿಗೆ ಲೇಖನ, ಮಧ್ಯಾಹ್ನ ಯಾವುದೋ ಕಂಪೆನಿಯ ಕರಪತ್ರದ ಅನುವಾದ, ಸಂಜೆ ಡಿಟಿಪಿ ಅಂಗಡಿಯಲ್ಲಿ ಪ್ರೂಫ್. ನಡುವೆ ಮದುವೆ ಕಾಗದ, ಯಾರದೋ ನಿವೃತ್ತಿಯ ಭಾಷಣ. ರಮಝಾನ್, ದೀಪಾವಳಿ ವಿಶೇಷಾಂಕಗಳು ಬಂದಾಗ ಮನೆಗೆ ಕಳೆ. ಒಂದು ವರ್ಷ ಹಾಗೆ ಬಂದ ದುಡ್ಡಲ್ಲೇ ಫ್ರಿಜ್ ಕೊಂಡೆವು. 2020ರ ಲಾಕ್‌ಡೌನ್‌ನಲ್ಲಿ ಪುರವಣಿಗಳೇ ಸೊರಗಿದಾಗ ಮನೆ ನಡೆಸಿದ್ದು ಹೆಂಡತಿಯ ಹೊಲಿಗೆ ಯಂತ್ರ. ಉಮ್ಮ ಈಗಲೂ ಹೇಳುವುದುಂಟು: ‘ಘಟ್ಟ ಹತ್ತಿ ಬಂದ ನಮ್ಮವರೆಲ್ಲ ಅಂಗಡಿ ಇಟ್ಟರು. ನಿನ್ನದೂ ಅಂಗಡಿಯೇ ಮಗಾ, ಆದರೆ ಬರೀ ಸಾಲದ ವ್ಯಾಪಾರ!’

ಸಾಲದ ವ್ಯಾಪಾರವೇ ಸರಿ. ಒಮ್ಮೆ ಭದ್ರಾವತಿಯ ಕಾಗದ ಕಾರ್ಖಾನೆ ಬಗ್ಗೆ ಬರೆಯಲು ಹೋಗಿದ್ದೆವು. ಮೈಸೂರು ಕಾಗದ ಕಾರ್ಖಾನೆ ಒಂದು ಕಾಲಕ್ಕೆ ಪತ್ರಿಕೆಗಳಿಗೆ ಬೇಕಾದ ಕಾಗದ ಕೊಡುತ್ತಿತ್ತು. ನಾವು ಹೋದಾಗ ಯಂತ್ರಗಳು ನಿಂತು ವರ್ಷಗಳೇ ಆಗಿದ್ದವು. ಪೇಪರ್ ಟೌನ್‌ನಲ್ಲಿ ಸಿಕ್ಕ ಹಳೆಯ ಕಾರ್ಮಿಕರೊಬ್ಬರು ತಮ್ಮ ಕಷ್ಟವನ್ನೆಲ್ಲ ಹೇಳಿಕೊಂಡು ಕೊನೆಗೆ ಕೇಳಿದರು: ‘ನಿಮಗೆ ಪಿಎಫ್ ಇದೆಯಾ?’ ಇಲ್ಲ ಅಂದೆವು. ‘ಇಎಸ್‌ಐ?’ ಅದೂ ಇಲ್ಲ. ‘ಹಾಗಾದರೆ ನಾವೇ ವಾಸಿ’ ಅಂದು ಚಹಾದ ದುಡ್ಡು ಅವರೇ ಕೊಟ್ಟರು.

ಲೇಖನ ಬಣ್ಣದ ಪುಟದಲ್ಲಿ ಬಂತು. ಓಣಿಯವರೆಲ್ಲ ಹೊಗಳಿದರು. ಸಂಭಾವನೆ ಬಂದದ್ದು ನಾಲ್ಕನೇ ತಿಂಗಳಿಗೆ. ಬಸ್ ಚಾರ್ಜು ಕಳೆದು ಉಳಿದದ್ದು ಒಂದು ವಾರದ ಮೀನಿಗೆ ಸಾಕಾಯಿತು. 1955ರಲ್ಲಿ ಪತ್ರಕರ್ತರಿಗಾಗಿ ಬಂದ ಕಾಯ್ದೆಯ ಆಸರೆ ಕೂಡ ಇದ್ದದ್ದು ಪತ್ರಿಕೆಗಳಲ್ಲಿ ಕೆಲಸಕ್ಕಿದ್ದವರಿಗೇ ಹೊರತು, ಹೊರಗೆ ಕೂತು ಬರೆಯುವವರಿಗೆ ಇರಲಿಲ್ಲ.

ಪತ್ರಿಕೆಗಳನ್ನಷ್ಟೇ ದೂರುವುದೂ ಸರಿಯಲ್ಲ. ನಮ್ಮ ನಡುವಿನ ಒಂದು ಸಮಿತಿಗೆ ಎರಡು ತಿಂಗಳು ಕೂತು ಸ್ಮರಣ ಸಂಚಿಕೆ ಮಾಡಿಕೊಟ್ಟೆವು. ಪ್ರೆಸ್‌ನವರ ಬಿಲ್ಲು ಚುಕ್ತಾ ಆಯಿತು. ಶಾಮಿಯಾನದವರಿಗೆ, ಬಿರಿಯಾನಿ ಮಾಡಿದವರಿಗೆ ಅಂದೇ ರಾತ್ರಿ ದುಡ್ಡು ಸಿಕ್ಕಿತು. ನಮಗೆ ಶಾಲು, ಹಣ್ಣಿನ ಬುಟ್ಟಿ, ಒಂದು ಫಲಕ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿಯವರು ಕಲಿಸಿದ್ದನ್ನು ಅದೇ ಸಂಚಿಕೆಯಲ್ಲಿ ನಾವೇ ಬರೆದಿದ್ದೆವು! ಬಾಯಿಬಿಟ್ಟು ಕೇಳಲು ಸಂಕೋಚ. ತಪ್ಪು ನಮ್ಮದೂ ಇತ್ತು: ಕೆಲಸ ಹಿಡಿಯುವ ಮೊದಲೇ ದರ ಹೇಳಿರಲಿಲ್ಲ.

ಈ ಸಂಕೋಚ ಬಿಡುವುದನ್ನು ಸಾರಾ ಅಬೂಬಕ್ಕರ್ ಅವರಿಂದ ಕಲಿಯಬೇಕು. ಶಿವಮೊಗ್ಗದ ಕೊನಗವಳ್ಳಿಯವರಾದ ಲಂಕೇಶರು ಮೇಷ್ಟ್ರ ಕೆಲಸ ಬಿಟ್ಟು, 1980ರಲ್ಲಿ ಜಾಹೀರಾತಿಲ್ಲದೆ ಶುರುಮಾಡಿದ ಪತ್ರಿಕೆಯಲ್ಲಿ ಸಾರಾ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು. ಮುಂದೆ ಅವರು ಚಂದ್ರಗಿರಿ ಪ್ರಕಾಶನ ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ತಮ್ಮ ಕಾದಂಬರಿಯನ್ನು ಕೇಳದೆ ಸಿನಿಮಾಕ್ಕೆ ಬಳಸಿಕೊಂಡರೆಂದು ಕೋರ್ಟ್ ಮೆಟ್ಟಿಲನ್ನೂ ಹತ್ತಿದರು. ಬರೆದದ್ದು ತಮ್ಮ ಆಸ್ತಿ ಎಂಬುದು ಅವರಿಗೆ ಗೊತ್ತಿತ್ತು.

ಕಾನೂನೂ ಹಾಗೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ನೌಕರಿಯಲ್ಲಿಲ್ಲದೆ ಬರೆದವರ ಲೇಖನ, ಲಿಖಿತವಾಗಿ ಬರೆದುಕೊಡದ ಹೊರತು, ಬರೆದವರದೇ. ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಅವರ ವಾರಸುದಾರರದು. ಎಷ್ಟು ಅವಧಿಗೆ ಎಂದು ಹೇಳದೆ ಹಕ್ಕು ಬರೆದುಕೊಟ್ಟಿದ್ದರೆ ಐದು ವರ್ಷಕ್ಕೆ ಎಂದೇ ಲೆಕ್ಕ. ಬರೆಯುವ ಹುಡುಗ-ಹುಡುಗಿಯರು ಇಷ್ಟು ನೆನಪಿಟ್ಟುಕೊಳ್ಳಿ: ಸಹಿ ಹಾಕುವ ಮೊದಲು ಓದಿ, ಬರೆಯುವ ಮೊದಲು ದರ ಕೇಳಿ, ಕಳಿಸಿದ ದಿನಾಂಕ ಡೈರಿಯಲ್ಲಿಡಿ. ಬರೆಸುವ ಸಮಿತಿಯವರು ಬಜೆಟ್‌ನಲ್ಲಿ ಪೆಂಡಾಲ್ ಜೊತೆ ಬರಹಕ್ಕೂ ಒಂದು ಸಾಲು ಇಡಿ. ಶಾಲು ಬೇಡವೆಂದಲ್ಲ, ಶಾಲನ್ನು ಒತ್ತೆಯಿಟ್ಟು ಅಕ್ಕಿ ತರಲಾಗುವುದಿಲ್ಲ.

ಅಂದು ಕೌಂಟರ್‌ ಎದುರು ಮಗಳು ನಮ್ಮ ಮುಖ ನೋಡಿದಳು. ‘ವ್ಯಾಪಾರ ಅಂತ ಬರಿ’ ಅನ್ನುವಷ್ಟರಲ್ಲಿ ಅವಳೇ ಪೆನ್ನು ತೆಗೆದು ‘ಹವ್ಯಾಸಿ’ ಎಂಬ ಮೊದಲ ಪದ ಹೊಡೆದುಹಾಕಿದಳು. ‘ಬರಹಗಾರ’ ಉಳಿಯಿತು. ಅರ್ಜಿ ಪಾಸಾಯಿತು.

ಶುಲ್ಕದ ಎರಡನೇ ಕಂತು ಬಾಕಿ ಇದೆ. ಎರಡು ಕಡೆಯಿಂದ ನಮಗೆ ಬರಬೇಕಾದದ್ದೂ ಬಾಕಿ ಇದೆ. ಈ ಸಲ ಫೋನ್ ಮಾಡಿ ಕೇಳಿದ್ದೇವೆ.