ಮನೆಯಂಗಳದ ಓತಿಕ್ಯಾತ: ವೀಕ್ಷಣೆ ಮತ್ತು ಛಾಯಾಗ್ರಹಣ

ಮುಂಬಯಿ, ಹೈದರಾಬಾದು, ದೆಹಲಿಗಳಂತಹ ಮಹಾನಗರಗಳಲ್ಲಿಯೂ ನಾಲ್ಕು ಗಿಡಗಳಿರುವ ಅಂಗಳದಲ್ಲಿ ಓತಿಕ್ಯಾತವು ಕಾಣಸಿಗುವುದು ಅಪರೂಪವಲ್ಲ. ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಈ ನಿರುಪದ್ರವಿ ಜೀವಿಯ ಮೇಲೆ ಕಲ್ಲೆಸೆಯುವವರು ಇಂದಿಗೂ ಇದ್ದಾರೆ. ಅದರ ತಲೆ, ಕೊರಳುಗಳು ಕೆಂಪೇರುವುದನ್ನು ಕಂಡು, ಅದು ದೂರದಿಂದಲೇ ಮನುಷ್ಯನ ರಕ್ತವನ್ನು ಹೀರುತ್ತದೆಂದು ಕೆಲವೆಡೆ ನಂಬಲಾಗಿತ್ತು. ಇಂಗ್ಲಿಷಿನಲ್ಲಿಯೂ ಅದಕ್ಕೆ 'ಬ್ಲಡ್‌ಸಕ್ಕರ್' ಎಂಬ ಹೆಸರು ಅಂಟಿಕೊಂಡಿತು. ವಾಸ್ತವವಾಗಿ, ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡು ಓತಿಯು ಹೆಣ್ಣನ್ನು ಆಕರ್ಷಿಸಲು ಹಾಗೂ ತನ್ನ ಎಲ್ಲೆಯೊಳಗೆ ನುಗ್ಗಿದ ಇನ್ನೊಂದು ಗಂಡನ್ನು ಬೆದರಿಸಲು ಈ ಬಣ್ಣವನ್ನು ತಾಳುತ್ತದೆ. ಕಾದಾಟದಲ್ಲಿ ಸೋತ ಗಂಡಿನ ಬಣ್ಣವು ಬೇಗನೆ ಮಾಸುತ್ತದೆ. ಅದರ ಆಹಾರವು ಮುಖ್ಯವಾಗಿ ಇರುವೆ, ಮಿಡತೆ, ಕಂಬಳಿಹುಳುಗಳಂತಹ ಕೀಟಗಳು.

ಬಣ್ಣ ಬದಲಿಸುವುದರಿಂದ ಇದನ್ನು ಗೋಸುಂಬೆಯೆಂದು ಭಾವಿಸುವವರುಂಟು. ಗೋಸುಂಬೆಯು ಬೇರೆಯೇ ಪ್ರಾಣಿ. ಅದರ ಕಣ್ಣುಗಳೆರಡೂ ಪ್ರತ್ಯೇಕವಾಗಿ ತಿರುಗುತ್ತವೆ, ಬಾಲವು ಸುರುಳಿ ಸುತ್ತುತ್ತದೆ. ಓತಿಯ ಬಾಲವು ನೀಳವಾಗಿದ್ದು, ಹಲ್ಲಿಯ ಬಾಲದಂತೆ ಸುಲಭವಾಗಿ ಕಳಚಿ ಬೀಳುವುದಿಲ್ಲ.

ವೀಕ್ಷಣೆಗೆ ಬೆಳಗಿನ ವೇಳೆಯು ಪ್ರಶಸ್ತವಾದುದು. ಓತಿಯು ತನ್ನ ದೇಹದ ಶಾಖಕ್ಕೆ ಬಿಸಿಲನ್ನೇ ಅವಲಂಬಿಸಿರುವುದರಿಂದ, ಎಳೆಬಿಸಿಲಿನಲ್ಲಿ ಒಂದೇ ಕಡೆ ಬಹಳ ಹೊತ್ತು ಮೈಕಾಯಿಸಿಕೊಳ್ಳುತ್ತದೆ. ಛಾಯಾಗ್ರಾಹಕನು ನೇರವಾಗಿ ಅದರತ್ತ ನಡೆಯಬಾರದು. ತನ್ನ ನೆರಳು ಅದರ ಮೇಲೆ ಬೀಳದಂತೆ, ಓರೆಯಾಗಿ, ಎರಡು ಹೆಜ್ಜೆಗೊಮ್ಮೆ ನಿಂತು ಸಮೀಪಿಸಬೇಕು. ಅದು ಕೊಂಬೆಯ ಮರೆಗೆ ಸರಿದರೆ ಬೆನ್ನಟ್ಟದೆ ಕಾದರೆ ಸಾಕು, ಸಾಮಾನ್ಯವಾಗಿ ಮರಳಿ ಬರುತ್ತದೆ. ನಿಂತು ಮೇಲಿನಿಂದ ತೆಗೆದ ಚಿತ್ರಕ್ಕಿಂತ, ಕುಕ್ಕರುಗಾಲಿನಲ್ಲಿ ಕುಳಿತು ಅದರ ಕಣ್ಣಿನ ಮಟ್ಟದಿಂದ ತೆಗೆದ ಚಿತ್ರವು ಹೆಚ್ಚು ಜೀವಂತವಾಗಿರುತ್ತದೆ. ಮಸೂರವನ್ನು ಕಣ್ಣಿನ ಮೇಲೆಯೇ ಕೇಂದ್ರೀಕರಿಸಬೇಕು. ಕಣ್ಣು ಮಸುಕಾದರೆ ಉಳಿದುದೆಲ್ಲವೂ ವ್ಯರ್ಥ. ಇದಕ್ಕೆ ಬೆಲೆಬಾಳುವ ಕ್ಯಾಮೆರಾ ಬೇಕೆಂದಿಲ್ಲ, ಮೊಬೈಲ್ ಫೋನೂ ಸಾಕು. ಚಿತ್ರಕ್ಕಾಗಿ ಪ್ರಾಣಿಯನ್ನು ಹಿಡಿಯುವುದು, ಕಟ್ಟುವುದು, ಶೀತಪೆಟ್ಟಿಗೆಯಲ್ಲಿಟ್ಟು ಜಡಗೊಳಿಸುವುದು ಕ್ರೌರ್ಯವೇ ಸರಿ.

ಹೆಣ್ಣು ಓತಿಯು ತೇವದ ಮಣ್ಣನ್ನು ತೋಡಿ ಸುಮಾರು 10ರಿಂದ 20 ಮೊಟ್ಟೆಗಳನ್ನಿಟ್ಟು, ಮೇಲೆ ಮಣ್ಣು ಮುಚ್ಚಿ ಹೋಗುತ್ತದೆ. ಮರಿಗಳು ಹೊರಬರಲು ಆರೇಳು ವಾರಗಳು ಬೇಕು. ಅಂತಹ ಸ್ಥಳವನ್ನು ಗುರುತಿಸಿಟ್ಟುಕೊಂಡು, ಅಲ್ಲಿಯವರೆಗೆ ಅಗೆಯದಿರುವುದು ಲೇಸು.

ತೋಟದ ತರಗೆಲೆಗಳ ನಡುವೆ ಹೊಳೆಯುವ ಮೈಯ ಹಾವುರಾಣಿಯೂ ಕಾಣಬಹುದು. ಹೆಸರಿನಲ್ಲಿರುವ ಹಾವೇ ಅದಕ್ಕೆ ಮುಳುವಾಗಿದೆ. ವಿಷವಿಲ್ಲದ ಈ ಜೀವಿಯನ್ನು ವಿಷಜಂತುವೆಂದು ಹೊಡೆದು ಕೊಲ್ಲಲಾಗುತ್ತದೆ. ಊರಂಚಿನ ಮನೆಗಳಿಗೆ ಬರುವ ಉಡವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದೂ ಕೊಲ್ಲುವುದೂ ಶಿಕ್ಷಾರ್ಹ ಅಪರಾಧ. ಅದು ಮನೆಯೊಳಗೆ ಹೊಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ತೆಗೆದ ಚಿತ್ರದೊಡನೆ ಸ್ಥಳ, ದಿನಾಂಕ, ವೇಳೆಗಳನ್ನು ಬರೆದಿಡುವುದು ಅವಶ್ಯಕ. ದೇಶದಾದ್ಯಂತ ಇರುವುದು ಒಂದೇ ಬಗೆಯ ಓತಿಯೆಂದು ದೀರ್ಘಕಾಲ ತಿಳಿಯಲಾಗಿತ್ತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆಯೆಂದು ತೋರಿಸಿತು. ಪುಣೆಯ ಅಂಗಳದ ಓತಿಯೂ ಚೆನ್ನೈನ ಅಂಗಳದ ಓತಿಯೂ ಒಂದೇ ಎಂದು ನೋಡಿದಾಕ್ಷಣ ಹೇಳಲಾಗದು. ಆದುದರಿಂದ ತಲೆ, ಬೆನ್ನು, ಪಕ್ಕೆ, ಬಾಲಗಳು ಸ್ಪಷ್ಟವಾಗಿ ಕಾಣುವಂತೆ ಬೇರೆ ಬೇರೆ ಚಿತ್ರಗಳನ್ನು ತೆಗೆದಿಡಬೇಕು.