ಗುಟುಕು ಬಿಡದ ಮರಿಗೆ ಬೆಲೆ ಕಟ್ಟುವ ಮುನ್ನ

ಸಾಕುಗಿಳಿಗಳ ಮಾರುಕಟ್ಟೆಯಲ್ಲಿ ಒಂದು ವಿಚಿತ್ರ ಲೆಕ್ಕಾಚಾರವಿದೆ. ತಾನಾಗಿ ಕಾಳು ಒಡೆದು ತಿನ್ನಬಲ್ಲ, ರೆಕ್ಕೆ ಬಲಿತ ಹಕ್ಕಿಗಿಂತ ಇನ್ನೂ ಮೈತುಂಬ ಗರಿ ಮೂಡದ, ಗುಟುಕಿಗಾಗಿ ಬಾಯ್ದೆರೆಯುವ ಮರಿಯ ಬೆಲೆ ಸಾಮಾನ್ಯವಾಗಿ ಕಡಿಮೆ. ಹಾಗೆಂದು ಮಾರುವವನಿಗೆ ಇದರಿಂದ ನಷ್ಟವಿಲ್ಲ. ದಿನಕ್ಕೆ ಹಲವು ಬಾರಿ ಗುಟುಕು ನೀಡುವ ದುಡಿಮೆ, ಮರಿಯನ್ನು ಬೆಚ್ಚಗಿಡುವ ಖರ್ಚು, ಅದು ಸತ್ತರೆ ಆಗುವ ಹಾನಿ ಇವಿಷ್ಟನ್ನೂ ಆತ ಕೊಳ್ಳುವವನ ಮನೆಗೆ ವರ್ಗಾಯಿಸಿರುತ್ತಾನೆ. ಬೆಲೆಯಲ್ಲಿ ಬಿಟ್ಟುಕೊಟ್ಟ ನಾಲ್ಕಾರು ಸಾವಿರ ರೂಪಾಯಿ ಈ ವರ್ಗಾವಣೆಯ ಶುಲ್ಕ, ಅಷ್ಟೇ. ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ, ಒಬ್ಬರ ವೆಚ್ಚ ಸದ್ದಿಲ್ಲದೆ ಇನ್ನೊಬ್ಬರ ತಲೆಗೆ ಬೀಳುವ ಬಗೆ ಹೊಸದೇನಲ್ಲ. ಆದರೆ ಇಲ್ಲಿ ಆ ವೆಚ್ಚದ ಬಹುಪಾಲನ್ನು ಭರಿಸುವುದು ಮಾತು ಬಾರದ ಮರಿಯ ಬೆನ್ನೆಲುಬು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರಾಟವನ್ನು ಉದಾಹರಿಸಿ ಒಂದು ಪ್ರಬಂಧ ಬರೆದರು. ಸರಕಿನ ದೋಷ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಕಾಣದಿದ್ದಾಗ, ಒಳ್ಳೆಯ ಸರಕು ಕ್ರಮೇಣ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ ಎಂಬುದು ಅದರ ತಿರುಳು. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವೂ ಬಂತು. ಗಿಳಿಮರಿಗೆ ಈ ಮಾತು ಕಾರಿಗಿಂತಲೂ ಚೆನ್ನಾಗಿ ಒಪ್ಪುತ್ತದೆ. ಕಾರನ್ನು ಒಂದು ಸುತ್ತು ಓಡಿಸಿಯಾದರೂ ನೋಡಬಹುದು. ಗರಿಗಳಡಿ ಬಾಗಿರುವ ಎಲುಬನ್ನು ಎಕ್ಸ್-ರೇ ಇಲ್ಲದೆ ಕಾಣುವುದು ಕಷ್ಟ. ಎಷ್ಟೋ ಸಲ ಮಾರುವವನಿಗೂ ಅದು ಗೊತ್ತಿರುವುದಿಲ್ಲ.

ನಮ್ಮ ಬೀದಿಯ ಒಂದು ಮನೆಗೆ ಬಂದ ಆಫ್ರಿಕಾದ ಬೂದುಗಿಳಿಯ ಮರಿ ನನ್ನನ್ನು ಈ ವಿಷಯದ ಓದಿಗೆ ಹಚ್ಚಿತು. ತಂದಾಗ ಅದಕ್ಕೆ ಆರು ವಾರವೂ ತುಂಬಿರಲಿಲ್ಲ. ಮನೆಯ ಮಗಳು ಅಲಾರಂ ಇಟ್ಟುಕೊಂಡು ರಾತ್ರಿ ಎದ್ದು ಸಿರಿಂಜಿನಲ್ಲಿ ಹಿಟ್ಟು ಕುಡಿಸುತ್ತಿದ್ದಳು. ಶ್ರದ್ಧೆಯಲ್ಲಿ ಕೊರತೆ ಹೇಳುವಂತಿರಲಿಲ್ಲ. ನಾಲ್ಕನೆಯ ತಿಂಗಳಾದರೂ ಹಕ್ಕಿ ಕೋಲಿನ ಮೇಲೆ ನೆಟ್ಟಗೆ ಕೂರಲಿಲ್ಲ. ಬೆನ್ನು ಒಂದು ಬದಿಗೆ ವಾಲಿತ್ತು, ಬಾಲ ಮೈಯ ನೇರಕ್ಕಿರಲಿಲ್ಲ. "ಇದು ಹೀಗೇ ಕೂರೋದು ಅಂದ್ಕೊಂಡಿದ್ವಿ ಸಾರ್" ಎಂದರು ಮನೆಯೊಡೆಯರು. ಪಶುವೈದ್ಯರು ತೆಗೆದ ಎಕ್ಸ್-ರೇಯಲ್ಲಿ ಬೆನ್ನೆಲುಬು ಇಂಗ್ಲಿಷಿನ ಎಸ್ ಅಕ್ಷರದಂತೆ ತಿರುಚಿಕೊಂಡಿತ್ತು. ಒಂದು ಕಾಲಿನ ಮೂಳೆಯೂ ಬಾಗಿತ್ತು. ಕಾಲಿನ ಮೂಳೆಯನ್ನು ಎಳವೆಯಲ್ಲೇ ಶಸ್ತ್ರಚಿಕಿತ್ಸೆಯಿಂದ ನೇರ್ಪಡಿಸಲು ಸಾಧ್ಯವಿತ್ತು, ಬೆನ್ನೆಲುಬಿಗೆ ಆ ದಾರಿಯಿಲ್ಲ ಎಂದರಂತೆ. ಮಾರಿದಾತನ ದೂರವಾಣಿ ಆ ವೇಳೆಗೆ ನಿಂತುಹೋಗಿತ್ತು.

ಹೀಗೇಕಾಗುತ್ತದೆ ಎಂಬುದನ್ನು ತಿಳಿಯಲು ಗೂಡಿನೊಳಗೆ ಇಣುಕಬೇಕು. ಗಿಳಿಮರಿ ಹುಟ್ಟುವಾಗ ಮೈ ಬತ್ತಲು, ಕಣ್ಣು ಮುಚ್ಚಿರುತ್ತದೆ. ಕೆಲವೇ ವಾರಗಳಲ್ಲಿ ಅದು ತಾಯಿಯ ಗಾತ್ರಕ್ಕೆ ಬೆಳೆಯಬೇಕು. ಅಷ್ಟು ವೇಗವಾಗಿ ಉದ್ದವಾಗುವ ಮೂಳೆ ಮೊದಲಿಗೆ ಮೆದು. ಸುಣ್ಣದ ಅಂಶ ತುಂಬಿಕೊಂಡು ಗಟ್ಟಿಯಾಗುವುದು ಆಮೇಲೆ. ಬ್ರಿಟನ್ನಿನ ಪಕ್ಷಿವೈದ್ಯ ನೈಜೆಲ್ ಹಾರ್ಕೋರ್ಟ್-ಬ್ರೌನ್ ತಂದೆತಾಯಿಯ ಪೋಷಣೆಯಲ್ಲೇ ಬೆಳೆಯುತ್ತಿದ್ದ ಒಂದು ಜಾತಿಯ ಗಿಳಿಮರಿಗಳನ್ನು ಗಮನಿಸಿ 2004ರಲ್ಲಿ ತಮ್ಮ ಅವಲೋಕನವನ್ನು ಪ್ರಕಟಿಸಿದರು. ಮೂಳೆ ಬಲಿಯುವವರೆಗೂ ಆ ಮರಿಗಳು ಗೂಡಿನಲ್ಲಿ ಹೆಚ್ಚು ಅಲುಗಾಡದೆ, ಒಂದಕ್ಕೊಂದು ಆತುಕೊಂಡು ಮಲಗಿರುತ್ತಿದ್ದವು. ಒಡಹುಟ್ಟುಗಳ ಮೈಯೇ ಅವಕ್ಕೆ ಆಸರೆ. ಅಂಥ ಮರಿಯನ್ನು ಒಂಟಿಯಾಗಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಜಾರುವ ನೆಲದ ಮೇಲೆ ಕೂರಿಸಿ, ಬಂದವರೆದುರು ಎತ್ತಿ ಇಳಿಸಿ ನಡೆಸಿದರೆ ಮೆದು ಮೂಳೆ ಮೈಭಾರಕ್ಕೇ ಬಾಗುತ್ತದೆ. ಅದೇ ವೈದ್ಯರು 2003ರಲ್ಲಿ ಪ್ರಕಟಿಸಿದ ಇನ್ನೊಂದು ವರದಿಯಲ್ಲಿ, ಕೈತುತ್ತಿನಿಂದ ಬೆಳೆದ 34 ಬೂದುಗಿಳಿಗಳ ಎಕ್ಸ್-ರೇ ಪರೀಕ್ಷಿಸಿದಾಗ ಶೇ 44ರಷ್ಟು ಹಕ್ಕಿಗಳಲ್ಲಿ ಮೂಳೆಯ ವಿರೂಪ ಕಂಡುಬಂದಿತ್ತು. ಮಾದರಿ ಸಣ್ಣದಿರಬಹುದು, ಆದರೆ ಹತ್ತರಲ್ಲಿ ನಾಲ್ಕು ಎಂಬುದು ಯಾವ ಸರಕಿನ ವಿಷಯದಲ್ಲಾದರೂ ಗ್ರಾಹಕ ಸಹಿಸುವ ಪ್ರಮಾಣವೇ?

ಹಕ್ಕಿಯ ಬೆನ್ನೆಲುಬು ನಮ್ಮದರಂತಲ್ಲ ಎಂಬುದೂ ಇಲ್ಲಿ ಮುಖ್ಯ. ಹಾರಾಟಕ್ಕೆ ಅನುಕೂಲವಾಗಲೆಂದು ಅದರ ಹಲವು ಕೀಲುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ದಂಡವಾಗುತ್ತವೆ. ಬಾಗಿದ ಸ್ಥಿತಿಯಲ್ಲಿ ಬೆಳವಣಿಗೆ ಮುಗಿದರೆ ಆ ವಕ್ರತೆ ಶಾಶ್ವತ. ಸೊಂಟದ ಎಲುಬೂ ವಿರೂಪಗೊಂಡ ಹೆಣ್ಣುಹಕ್ಕಿಗೆ ಮುಂದೆ ಮೊಟ್ಟೆಯಿಡುವುದೇ ಪ್ರಾಣಸಂಕಟ. ಬೂದುಗಿಳಿಗಳು ಸಾಕಿದವರ ಮನೆಗಳಲ್ಲಿ ನಾಲ್ಕೈದು ದಶಕ ಬದುಕಿದ ನಿದರ್ಶನಗಳಿವೆ. ಅಷ್ಟು ದೀರ್ಘ ಆಯುಷ್ಯವನ್ನು ಒಂದು ಜೀವಿ ಮೊದಲ ಮೂರು ತಿಂಗಳ ಅವಸರದ ಫಲವಾಗಿ ಸೊಟ್ಟ ಮೈಯಲ್ಲಿ ಕಳೆಯಬೇಕಾಗುತ್ತದೆ.

ಆಸರೆಯ ಜೊತೆಗೆ ಆಹಾರದ ಪ್ರಶ್ನೆ. ನಮ್ಮಲ್ಲಿ ಗಿಳಿ ಎಂದರೆ ಸೂರ್ಯಕಾಂತಿ ಬೀಜ, ಮೆಣಸಿನಕಾಯಿ, ನೆನೆಸಿದ ಕಡಲೆ. ಸೂರ್ಯಕಾಂತಿಯಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರ ಕಡಿಮೆ. ಮೂಳೆಗೆ ಬೇಕಾದ ಅನುಪಾತ ಇದಕ್ಕೆ ತದ್ವಿರುದ್ಧ. ಇದನ್ನೇ ತಿಂದ ತಾಯಿಯ ಮೊಟ್ಟೆಯಲ್ಲೇ ಕೊರತೆ ಆರಂಭವಾಗುತ್ತದೆ. ಮರಿಗಳನ್ನು ಬೇಗ ಕಿತ್ತುಕೊಂಡರೆ ಜೋಡಿ ಮತ್ತೆ ಮೊಟ್ಟೆಯಿಡುತ್ತದೆಂಬುದು ಸಾಕಣೆಗಾರರ ಲಾಭದ ಗುಟ್ಟು. ಹೀಗೆ ಮೇಲಿಂದ ಮೇಲೆ ಮೊಟ್ಟೆಯಿಟ್ಟು ಬರಿದಾದ ತಾಯಿಯಿಂದ ಮುಂದಿನ ಮರಿಗೆ ಸಿಗುವುದು ಇನ್ನೂ ಕಡಿಮೆ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆಯೆಂದು ಮರಿಗೆ ರಾಗಿ ಗಂಜಿ ಕುಡಿಸುವವರೂ ಉಂಟು. ರಾಗಿಯ ಮೇಲೆ ನನಗೂ ಅಭಿಮಾನವಿದೆ, ಆದರೆ ಸುಣ್ಣದ ಅಂಶವನ್ನು ಮೈಗೂಡಿಸುವ ಡಿ-3 ಜೀವಸತ್ವ ಅದರಲ್ಲಿಲ್ಲ. ನೇರಳಾತೀತ ಕಿರಣಗಳಿಂದ ಬೂದುಗಿಳಿಗಳ ರಕ್ತದಲ್ಲಿ ಸುಣ್ಣದ ಅಂಶ ಏರುತ್ತದೆಂದು ಮೈಕೆಲ್ ಸ್ಟ್ಯಾನ್‌ಫರ್ಡ್ ಎಂಬ ಪಶುವೈದ್ಯರು 2006ರಲ್ಲಿ ತೋರಿಸಿಕೊಟ್ಟರು. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುವುದರಿಂದ, ಅಪಾರ್ಟ್‌ಮೆಂಟಿನ ಗಾಜಿನ ಹಿಂದೆ ಬೀಳುವ ಬಿಸಿಲು ಪಂಜರದ ಹಕ್ಕಿಗೆ ಬೆಳಕಷ್ಟೇ ಆಗುತ್ತದೆ. ಇದನ್ನೋದಿ ಔಷಧಿ ಅಂಗಡಿಯಿಂದ ಡಿ-3 ಹನಿ ತಂದು ಹಾಕುವ ಉತ್ಸಾಹವೂ ಬೇಡ. ಪ್ರಮಾಣ ಮೀರಿದರೆ ಅದು ಮೂತ್ರಪಿಂಡವನ್ನೇ ಕೆಡಿಸುತ್ತದೆ.

ಮೂಳೆಯ ಮಾತು ಬದಿಗಿಟ್ಟರೂ ಗುಟುಕು ಕೊಡುವುದು ಸರಳ ಕೆಲಸವಲ್ಲ. ಹಿಟ್ಟು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಕೆಲವೇ ಡಿಗ್ರಿ ಹೆಚ್ಚಾದರೆ ಗಂಟಲ ಕೆಳಗಿನ ಆಹಾರಚೀಲ ಸುಟ್ಟು, ದಿನಗಳ ನಂತರ ಚರ್ಮ ತೂತಾಗಿ ಕುಡಿದದ್ದು ಎದೆಯ ಮೇಲೆ ಸೋರುತ್ತದೆ. ತಣ್ಣಗಾದರೆ ಚೀಲದಲ್ಲೇ ನಿಂತು ಹುಳಿಯುತ್ತದೆ. ಸಿರಿಂಜಿನ ಒತ್ತಡ ತಪ್ಪಿದರೆ ಹಿಟ್ಟು ಶ್ವಾಸನಾಳಕ್ಕೆ ಇಳಿದು ಮರಿ ಕೈಯಲ್ಲೇ ಸಾಯಬಹುದು. ಅನುಭವಿ ಸಾಕಣೆಗಾರರೂ ಎಚ್ಚರದಿಂದ ಮಾಡುವ ಈ ಕೆಲಸವನ್ನು, ಅಂಗಡಿಯ ಹುಡುಗ ಐದು ನಿಮಿಷ ತೋರಿಸಿಕೊಟ್ಟ ಮೇಲೆ, ಪರೀಕ್ಷೆಗೆ ಓದುತ್ತಿರುವ ಮಕ್ಕಳ ಕೈಗೆ ಒಪ್ಪಿಸಲಾಗುತ್ತದೆ.

ಇಷ್ಟಾದರೂ ಜನ ಕೊಳ್ಳುವುದೇಕೆ? "ನೀವೇ ಗುಟುಕು ಕೊಟ್ಟರೆ ಮಾತ್ರ ಹಕ್ಕಿ ನಿಮ್ಮದಾಗುತ್ತದೆ" ಎಂಬ ಮಾತನ್ನು ಮಾರಾಟಗಾರರು ಬಿತ್ತಿದ್ದಾರೆ. ನಮ್ಮ ತಾಯ್ತನದ ಭಾವನೆಗೆ ಅದು ನೇರವಾಗಿ ನಾಟುತ್ತದೆ. ವಾಸ್ತವದಲ್ಲಿ ತಾನಾಗಿ ತಿನ್ನಲು ಕಲಿತ ಎಳೆ ಗಿಳಿ, ಅಷ್ಟೇಕೆ, ವಯಸ್ಸಾದ ಗಿಳಿಯೂ ತಾಳ್ಮೆಯಿಂದ ಒಡನಾಡಿದವರನ್ನು ಹಚ್ಚಿಕೊಳ್ಳುತ್ತದೆ. ಇದಕ್ಕೆ ಬದಲಾಗಿ, ಹಸಿವಿನಲ್ಲಿ ಬಲವಂತವಾಗಿ ಗುಟುಕು ಬಿಡಿಸಿದ ಮರಿ ದೊಡ್ಡದಾದ ಮೇಲೂ ಅಂಜುಬುರುಕಾಗಿ, ಸದಾ ಗುಟುಕಿಗೆ ಗೋಗರೆಯುತ್ತ ಉಳಿಯುವುದುಂಟು.

ಕಾನೂನಿನ ಸ್ಥಿತಿಯನ್ನೂ ನೋಡೋಣ. ನಮ್ಮ ತೋಪುಗಳ ಹಸಿರು ಗಿಳಿಯ ವಿಷಯದಲ್ಲಿ ಸಂದೇಹವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಆದರೂ ಪೊಟರೆಗಳಿಂದ ಮರಿ ಕದಿಯುವ ದಂಧೆ ನಿಂತಿಲ್ಲ. ಅಂಥ ಮರಿಯ ಎಲುಬು ಬಾಗಿದರೆ ಕಾನೂನಿನ ಭಯದಿಂದ ಅದನ್ನು ವೈದ್ಯರ ಬಳಿಗೂ ಒಯ್ಯುವುದಿಲ್ಲ. ವಿದೇಶಿ ಗಿಳಿಗಳ ವಿಷಯ ಬೇರೆ. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಹಾಗೂ 2024ರ ನಿಯಮಗಳಂತೆ ಬೂದುಗಿಳಿ, ಮಕಾ ಮುಂತಾದವುಗಳನ್ನು ಸಾಕುವವರು ಕೇಂದ್ರದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು, ಹಸ್ತಾಂತರವನ್ನೂ ತಿಳಿಸಬೇಕು. ಇದು ಹಕ್ಕಿ ಎಲ್ಲಿಂದ ಬಂತೆಂಬುದಕ್ಕೆ ಲೆಕ್ಕ, ಯಾವ ಪ್ರಾಯದಲ್ಲಿ ಮಾರಬೇಕೆಂಬುದಕ್ಕಲ್ಲ. ಎಂಟು ವಾರ ತುಂಬದ ನಾಯಿಮರಿಯನ್ನು ಮಾರುವಂತಿಲ್ಲವೆಂದು ನಮ್ಮ 2017ರ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ಗಿಳಿಗಳಿಗೂ ಜಾತಿವಾರು ಅಂಥ ವಾರಗಳ ಪಟ್ಟಿ ಬೇಕೆಂಬುದು ನನ್ನ ವಾದ. ಇದೇನೂ ಅತಿರೇಕದ ಬೇಡಿಕೆಯಲ್ಲ. ಕ್ಯಾಲಿಫೋರ್ನಿಯಾ ಇಪ್ಪತ್ತು ವರ್ಷಗಳ ಹಿಂದೆಯೇ ಗುಟುಕು ಬಿಡದ ಮರಿಗಳ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿತು. ನೆದರ್ಲೆಂಡ್ಸ್ 2014ರಿಂದ ಹಲವು ಜಾತಿಯ ಗಿಳಿಮರಿಗಳನ್ನು ತಂದೆತಾಯಿಯಿಂದ ಅಕಾಲದಲ್ಲಿ ಬೇರ್ಪಡಿಸುವುದನ್ನೇ ನಿಷೇಧಿಸಿದೆ. ತಪಾಸಣೆಗೆ ಸಿಬ್ಬಂದಿ ಎಲ್ಲಿ ಎಂಬ ಆಕ್ಷೇಪ ಬರುತ್ತದೆ. ಆಡಳಿತದಲ್ಲಿದ್ದಾಗ ಆ ವಾಕ್ಯವನ್ನು ಕಡತಗಳಲ್ಲಿ ಲೆಕ್ಕವಿಲ್ಲದಷ್ಟು ಬಾರಿ ಓದಿದ್ದೇನೆ. ನೋಂದಣಿಯ ಅರ್ಜಿಯಲ್ಲೇ ಮರಿ ಮೊಟ್ಟೆಯೊಡೆದ ದಿನಾಂಕ, ಕೈಬದಲಾದ ದಿನಾಂಕ ಎರಡನ್ನೂ ನಮೂದಿಸಿ, ನಡುವಿನ ಅವಧಿ ಸಾಲದಿದ್ದರೆ ಅರ್ಜಿಯನ್ನು ತಡೆಹಿಡಿಯಲು ಹೊಸ ಹುದ್ದೆ ಬೇಕಾಗಿಲ್ಲ.

ಅಲ್ಲಿಯವರೆಗೆ ಕೊಳ್ಳುವವರು ಮಾಡಬಹುದಾದದ್ದು ಇಷ್ಟು. ಬೂದುಗಿಳಿಗೆ ಗುಟುಕು ಬಿಡಲು ಮೂರರಿಂದ ನಾಲ್ಕು ತಿಂಗಳು ಬೇಕು, ಸಣ್ಣ ಕಾಕಟೀಲ್‌ಗೂ ಎರಡು ತಿಂಗಳು ಹಿಡಿಯುತ್ತದೆ. ಹಕ್ಕಿ ಸಿರಿಂಜಿನ ಸಹಾಯವಿಲ್ಲದೆ ತಾನಾಗಿ ತಿನ್ನುವುದನ್ನು ಒಂದೆರಡು ವಾರಗಳ ಅಂತರದಲ್ಲಿ ಎರಡು ಬಾರಿ ಹೋಗಿ ನೋಡಿ, ಎರಡೂ ಸಲ ತೂಕ ಹಾಕಿಸಿ. ಹಿಂದಿನಿಂದ ನಿಂತು, ಬೆನ್ನು ಬಾಲಗಳು ಒಂದೇ ಗೆರೆಯಲ್ಲಿವೆಯೇ, ರೆಕ್ಕೆಗಳೆರಡೂ ಸಮನಾಗಿ ಮಡಚಿಕೊಂಡಿವೆಯೇ ಗಮನಿಸಿ. ಹಣ ಪೂರ್ತಿ ಕೊಡುವ ಮುನ್ನ ನಿಮ್ಮ ಆಯ್ಕೆಯ ಪಶುವೈದ್ಯರಿಂದ ಎಕ್ಸ್-ರೇ ಮಾಡಿಸುವ ಷರತ್ತನ್ನು ರಸೀದಿಯಲ್ಲೇ ಬರೆಸಿಕೊಳ್ಳಿ. ಮಾರುವವನು ಅದಕ್ಕೆ ಒಪ್ಪದಿದ್ದರೆ ಬರಿಗೈಯಲ್ಲಿ ಮನೆಗೆ ಬನ್ನಿ.